ಬಾಗಿಲೊಳಗಿನ ಮೂರು ಸಾಲು

ಶುಕ್ರವಾರ ಗಲ್ಫಿನಲ್ಲಿ ರಜೆ ಅನ್ನುವವರಿಗೆ ನಮ್ಮ ಗ್ಯಾರೇಜು ತೋರಿಸಬೇಕು. ಸನದ್ ಎಂಬ ಊರಿನ ಆ ಶೆಡ್ಡಿನಲ್ಲಿ ವಾರಕ್ಕೆ ಆರು ದಿನ ಕಾರುಗಳ ಟಿಂಕರಿಂಗ್ ಮಾಡುತ್ತೇನೆ, ಏಳನೆಯ ದಿನ ವಾದ ಕೇಳುತ್ತೇನೆ. ಹಳೆ ಕಾರಿನ ಹುಚ್ಚಿರುವವರು ಬೆಳಿಗ್ಗೆ ಎಂಟಕ್ಕೆ ಬಂದರೆ ಜುಮ್ಮಾ ನಮಾಜಿನ ಹೊತ್ತಿನವರೆಗೆ ಏಳುವುದಿಲ್ಲ. ನಮ್ಮ ಧಣಿಗೆ, ಅಂದರೆ ಅರ್ಬಾಬ್‌ಗೆ, ಅದೇ ಹುಚ್ಚು. ಶಟರ್ ಎತ್ತಲು, ಚಹಾ ಕೊಡಲು, ಬಾನೆಟ್ ತೆರೆದು ತೋರಿಸಲು ಒಬ್ಬ ಬೇಕಲ್ಲ, ಅವನು ನಾನು. ಈ ದ್ವೀಪಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮೊಣಕಾಲು ಎರಡೂ ಹೋಗಿವೆ. ಸುತ್ತಿಗೆ ಸದ್ದಿಗೆ ಬಲಗಿವಿ ಅರ್ಧ ಹೋಗಿದೆ. ವಾದ ಕೇಳಲು ಎಡಗಿವಿ ಧಾರಾಳ ಸಾಕು.

ವಾದ ಯಾವಾಗಲೂ ಒಂದೇ. ಹಳೆ ಕಾರಿನ ಮಡ್‌ಗಾರ್ಡ್ ಕಿತ್ತು, ಛಾವಣಿ ಕತ್ತರಿಸಿ ತಗ್ಗಿಸಿ, ಅದರ ಮೈಗೆ ಮೀರಿದ ದೊಡ್ಡ ಇಂಜಿನ್ ಕೂರಿಸಿ ಓಡಿಸುತ್ತಾರಲ್ಲ, ಆ ಹಾಟ್ ರಾಡ್ ಎಂಬುದು ಮೊದಲು ಹುಟ್ಟಿದ್ದು ಎಲ್ಲಿ? ಜುಫೈರ್‌ನ ಫ್ಲಾಟಿನಿಂದ ಒಬ್ಬ ಅಮೆರಿಕದವನು ಬರುತ್ತಾನೆ. ನೌಕಾನೆಲೆಯಲ್ಲಿ ಕೆಲಸ ಮುಗಿಸಿದ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದವನು. ಹಾಟ್ ರಾಡ್ ತನ್ನ ಅಜ್ಜನ ಆಸ್ತಿ ಎಂಬಂತೆ ಮಾತಾಡುತ್ತಾನೆ. ಅವನ ಊರಿನ ಕಡೆ ಒಣಗಿದ ಕೆರೆಗಳಿವೆಯಂತೆ. ದೊಡ್ಡ ಯುದ್ಧಕ್ಕೂ ಮೊದಲೇ ಅಲ್ಲಿನ ಯುವಕರು ಅಗ್ಗದ ಕಾರು ತಂದು, ಬೇಡದ್ದನ್ನೆಲ್ಲ ಕಿತ್ತು ಹಗುರ ಮಾಡಿ, ಆ ಬಯಲಿನಲ್ಲಿ ಪಂದ್ಯ ಓಡಿಸುತ್ತಿದ್ದರಂತೆ. ಅರ್ಬಾಬ್ ಅದನ್ನು ಒಪ್ಪುವುದಿಲ್ಲ. ಅದಕ್ಕೂ ಮೊದಲು ಅದೇ ದೇಶದಲ್ಲಿ ಕಳ್ಳಸಾರಾಯಿ ಸಾಗಿಸುವವರು ಪೊಲೀಸರ ಕೈಗೆ ಸಿಗದಿರಲು ಇಂಜಿನ್ ತಿದ್ದುತ್ತಿದ್ದರು, ಹಾಗಾದರೆ ಅವರೇ ಮೂಲಪುರುಷರು ಎನ್ನುತ್ತಾನೆ. ಹೀಗೆ ಮೂರು ಫ್ಲಾಸ್ಕು ಚಹಾ ಖಾಲಿಯಾಗುತ್ತದೆ.

ನದೀಮೂಲ ಋಷಿಮೂಲ ಹುಡುಕಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಾರಿನ ಮೂಲವನ್ನೂ ಅದಕ್ಕೆ ಸೇರಿಸಬಹುದಿತ್ತು. ಕುಂದಾಪುರದಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ, ಪೆಟ್ರೋಲ್ ಕುಡಿದು ಮಾಲೀಕನನ್ನು ಮುಳುಗಿಸುತ್ತಿದ್ದ ಬಾಡಿಗೆ ಕಾರುಗಳಿಗೆ ಡೀಸೆಲ್ ಇಂಜಿನ್ ಕೂರಿಸುತ್ತಿದ್ದರು. ಸೀಟು ಕೊಯ್ದು ಇನ್ನೂ ನಾಲ್ಕು ಜನಕ್ಕೆ ಜಾಗ ಮಾಡುತ್ತಿದ್ದರು. ಅದಕ್ಕೆ ಯಾರೂ ಹೆಸರಿಡಲಿಲ್ಲ, ಯಾರೂ ವಾದ ಮಾಡಲಿಲ್ಲ. ಹೊಟ್ಟೆಪಾಡಿಗೆ ಮೂಲ ಹುಡುಕುವವರು ಯಾರು?

ಈ ಗುಂಪಿಗೆ ಒಬ್ಬರು ಹಾಜಿ ಬರುತ್ತಿದ್ದರು. ಇಲ್ಲಿಯವರೇ, ಎಪ್ಪತ್ತೈದು ದಾಟಿದವರು. ನನ್ನ ಹತ್ತಿರ ಹಿಂದಿಯಲ್ಲಿ ಮಾತಾಡುತ್ತಿದ್ದರು, ರಫೀಕ್ ಎಂದು ಕರೆಯುತ್ತಿದ್ದರು. ಇಲ್ಲಿ ನಮ್ಮಂಥವರನ್ನು ಎಲ್ಲರೂ ಕರೆಯುವುದೇ ಹಾಗೆ. ಆದರೆ ಅವರ ಬಾಯಲ್ಲಿ ಅದಕ್ಕೆ ಗೆಳೆಯ ಎಂಬ ಅರ್ಥ ಉಳಿದಿತ್ತು. ಅವರ ಹತ್ತಿರ ಒಂದು ಹಾಟ್ ರಾಡ್ ಇತ್ತು. ಮಡ್‌ಗಾರ್ಡ್ ಇಲ್ಲದ, ಛಾವಣಿ ತಗ್ಗಿಸಿದ, ಲಾರಿಯ ಇಂಜಿನ್ ಹೊತ್ತ ಕಪ್ಪು ಕಾರು. ಅದನ್ನು ಕತ್ತರಿಸಿ ಕಟ್ಟಿದವರು ಅವರ ತಂದೆ. ತೈಲ ಕಂಪನಿಯಲ್ಲಿ ಡ್ರೈವರ್ ಆಗಿದ್ದವರು, ಸಾಹೇಬರು ಬಿಸಾಡಿದ ಕಾರನ್ನು ಎತ್ತಿಕೊಂಡು ಬಂದಿದ್ದರು. ಸಿತ್ರಾ ಕಡೆಯ ಉಪ್ಪುನೆಲದ ಕೆಸರು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ಹಿಡಿಯುತ್ತಿತ್ತು, ಅದಕ್ಕೇ ಕಿತ್ತರು. ಅಮೆರಿಕದ ಹಾಟ್ ರಾಡಿನ ಸುದ್ದಿ ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಆ ಮನುಷ್ಯ ಜೀವಮಾನವಿಡೀ ಬೇರೆಯವರ ಗಾಡಿ ಓಡಿಸಿ ಸತ್ತರು. ತಮ್ಮದೆಂದು ಬಿಟ್ಟುಹೋದದ್ದು ಇದೊಂದೇ. ಹಾಜಿಗೆ ಆ ಕಾರು ಅಂದರೆ ತಂದೆಯೇ.

ಒಂದು ಶುಕ್ರವಾರ ಅಮೆರಿಕದವನು ಅದರ ಕೆಳಗೆ ನುಸುಳಿ, ಮೇಲೆದ್ದು ಕೈ ಒರೆಸಿಕೊಂಡು, “ಒಳ್ಳೆಯ ಕೆಲಸ. ಆದರೆ ಇಲ್ಲಿ ಆದದ್ದಲ್ಲ. ನಮ್ಮ ಕಡೆ ಕತ್ತರಿಸಿದ ಮೇಲೆ ಹಡಗಿನಲ್ಲಿ ಬಂದಿದೆ” ಅಂದನಂತೆ. ಅಂದನಂತೆ ಎನ್ನುವುದು ಯಾಕೆಂದರೆ ಆ ದಿನ ನಾನು ಜ್ವರ ಹಿಡಿದು ಗುದೈಬಿಯಾದ ರೂಮಿನಲ್ಲಿ ಮಲಗಿದ್ದೆ. ಹಾಜಿ ಎದ್ದು ನಿಂತು ಹೇಳಿದರಂತೆ, “ನನ್ನ ಬಾಬಾ ಡ್ರೈವರ್ ಕಡೆಯ ಬಾಗಿಲಿನೊಳಗೆ ಬ್ರಶ್‌ನಿಂದ ಮೂರು ಸಾಲು ಬರೆದು ಹಲಗೆ ಮುಚ್ಚಿದ್ದಾರೆ. ಮುಂದಿನ ಶುಕ್ರವಾರ ಎಲ್ಲರ ಎದುರು ತೆಗೆಯುತ್ತೇನೆ. ಬರಹ ಇಲ್ಲದಿದ್ದರೆ ಕಾರು ನಿಮ್ಮವರದ್ದೇ ಅಂತ ಒಪ್ಪುತ್ತೇನೆ.” ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮೊದಲೇ ಗೊತ್ತಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬುಧವಾರ ಅರ್ಬಾಬ್ ಅವಸರದಲ್ಲಿ ಬಂದು, ಹೋದ ವಾರದಿಂದ ಶೆಡ್ಡಿನಲ್ಲೇ ನಿಂತಿದ್ದ ಹಾಜಿಯ ಕಾರು ತೋರಿಸಿ, “ಡ್ರೈವರ್ ಕಡೆಯ ಬಾಗಿಲಿನ ಒಳಹಲಗೆಯ ಸ್ಕ್ರೂ ಸಡಿಲ ಮಾಡಿಡು, ಬೇರೆ ಏನೂ ಮುಟ್ಟಬೇಡ, ಖಲಾಸ್” ಎಂದು ಹೇಳಿ ಹೋದ. ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಒಂದನ್ನು ತಿರುಗಿಸುವಷ್ಟರಲ್ಲಿ ಒಳಹಲಗೆಯೇ ಹಪ್ಪಳದಂತೆ ಮುರಿದು ಕೈಗೆ ಬಂತು. ಒಳಗೆಲ್ಲ ತುಕ್ಕು, ಮರಳು, ನಡುವೆ ಕಪ್ಪು ಬಣ್ಣದಲ್ಲಿ ಅರಬ್ಬಿಯ ಮೂರು ಸಾಲು. ಗುಜರಿಯಿಂದ ಬರುವ ಬಾಗಿಲುಗಳ ಒಳಗೆ ಹೀಗೇ ಏನಾದರೂ ಗೀಚಿರುತ್ತಾರೆ. ಅಂಥ ಎಷ್ಟೋ ಗೀಚನ್ನು ನಾನು ಉಜ್ಜಿದ್ದೇನೆ.

ಮರುದಿನ ಆಯುಧ ಪೂಜೆ. ನಮ್ಮ ಅರ್ಬಾಬ್ ಅದಕ್ಕೆ ಬೇಡ ಅನ್ನುವುದಿಲ್ಲ, ಬೆಳಿಗ್ಗೆ ಅರ್ಧ ಗಂಟೆ ಬಿಟ್ಟುಕೊಡುತ್ತಾನೆ, ಅವಲಕ್ಕಿಯನ್ನೂ ತಿನ್ನುತ್ತಾನೆ. ಪೂಜೆಯ ಹಿಂದಿನ ದಿನ ಸುತ್ತಿಗೆ, ಇಕ್ಕಳದಿಂದ ಹಿಡಿದು ಶೆಡ್ಡಿನೊಳಗಿರುವ ಕಾರುಗಳವರೆಗೆ ಎಲ್ಲವೂ ಚೊಕ್ಕವಾಗಬೇಕು ಎಂಬುದು ಮೇಸ್ತ್ರಿ ನನಗೆ ಹಾಕಿಕೊಟ್ಟ ಪಾಠ. ತುಕ್ಕು ಕಂಡೂ ಬಿಟ್ಟವನ ಕೈಗೆ ಆಯುಧ ಒಲಿಯುವುದಿಲ್ಲ ಎನ್ನುತ್ತಿದ್ದರು. ಆ ಬಾಗಿಲು ಬಾಯಿ ತೆರೆದುಕೊಂಡು ಎದುರಿಗೇ ನಿಂತಿತ್ತು. ನಾನು ಎಮರಿ ಪೇಪರ್ ಹಿಡಿದು ಕೂತೆ.

ನಮ್ಮ ಪೈಂಟರ್ ಕಾರಿನ ಬಾಗಿಲಿನ ಆಚೆಯಿಂದ ನನ್ನನ್ನು ನೋಡಿದ. ಅವನು ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್, ನನ್ನ ರೂಮಿನವನೇ.

“ಎಂತ ಅಣ್ಣ, ಮುಟ್ಟಬೇಡ ಅಂತ ಹೇಳಿದ್ದಲ್ವಾ ಅರ್ಬಾಬ್?”

“ತುಕ್ಕು ಮಾರಾಯ. ನಾಳೆ ಪೂಜೆ. ತುಕ್ಕಿಗೆ ಕುಂಕುಮ ಇಡ್ಲಿಕ್ಕೆ ಆಗ್ತದಾ?”

“ಆ ಮುದುಕರ ಗಾಡಿ ಅದು. ಕೇಳಿ ಮಾಡಿ.”

“ಕ್ಲೀನ್ ಮಾಡಿದ್ದಕ್ಕೆ ಯಾರು ಬೈತಾರೆ? ಥಿನ್ನರ್ ಕೊಡು.”

ಆಚೆಯಿಂದಲೇ ಕೊಟ್ಟ. ಕಪ್ಪು ಬಣ್ಣ ಗಟ್ಟಿಯಿತ್ತು, ಸುಲಭಕ್ಕೆ ಬಿಡಲಿಲ್ಲ. ಮೂರನೆಯ ಸಾಲಿಗೆ ಎರಡು ಸಲ ಥಿನ್ನರ್ ಹಚ್ಚಬೇಕಾಯಿತು. ನನ್ನ ಮೊಣಕಾಲು ನೋಯುತ್ತಿತ್ತು, ಆದರೂ ಬಿಡಲಿಲ್ಲ. ಮೇಲೊಂದು ಕೋಟು ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ಹೊಡೆದೆ. ಬೆಳಿಗ್ಗೆ ಅದರ ಮೇಲೆ ಕುಂಕುಮದ ಬೊಟ್ಟಿಟ್ಟು ಕೈ ಮುಗಿದೆ. ಹಾಜಿ ನೋಡಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ, ದೇವರಾಣೆ.

ಶುಕ್ರವಾರ ಅವರು ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ತೋಬ್, ತೊಟ್ಟು ಬಂದರು. ಅತ್ತರಿನ ಪರಿಮಳ ಥಿನ್ನರಿನ ವಾಸನೆಯನ್ನೂ ದಾಟಿ ಬಂತು. ಎಲ್ಲರನ್ನೂ ಕಾರಿನ ಪಕ್ಕ ಕರೆದು ನಿಲ್ಲಿಸಿ ಬಾಗಿಲು ತೆರೆದರು.

ಹಾಜಿ ಆ ಕೆಂಪು ಬಣ್ಣದ ಮೇಲೆ ಬೆರಳಾಡಿಸಿದರು. ಬೊಟ್ಟಿನ ಕುಂಕುಮ ಬೆರಳಿಗೆ ಹತ್ತಿತು. ಅರ್ಬಾಬ್ ನನ್ನ ಕಡೆ ತಿರುಗಿ ಅರಬ್ಬಿಯಲ್ಲಿ ಬೈಯತೊಡಗಿದ, ಆ ಬೈಗುಳದ ನಡುವೆಯೇ ನನಗೆ ವಿಷಯ ತಿಳಿದದ್ದು. ನಾನು ಹಾಜಿಯ ಮುಂದೆ ಹೋಗಿ ನಿಂತೆ.

“ನಾನೇ, ಹಾಜಿ. ಬರಹ ಇತ್ತು. ಮೂರು ಸಾಲು ಇತ್ತು. ನಾನೇ ಒರೆಸಿದೆ” ಅಂದೆ. ಅಮೆರಿಕದವನಿಗೆ ಇಂಗ್ಲಿಷಿನಲ್ಲೂ ಹೇಳಿದೆ. ನನ್ನ ಹರಕು ಇಂಗ್ಲಿಷಿಗೆ ಆ ದಿನ ನಾಚಿಕೆಯಾಗಲಿಲ್ಲ.

ಅವನು ಹಾಜಿಯ ಹೆಗಲ ಮೇಲೆ ಕೈಯಿಟ್ಟು, “ನಾನು ನಂಬುತ್ತೇನೆ” ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಹಾಜಿ ಮೆಲ್ಲಗೆ ಆ ಕೈ ಸರಿಸಿದರು.

“ಹೋದ ವಾರ ನೀನು ನಂಬಲಿಲ್ಲ. ಈಗ ನಂಬುವುದು ಮುದುಕ ಎಂಬ ಕನಿಕರಕ್ಕೆ. ಅದು ಬೇಡ. ಮಾತು ಮಾತೇ, ಕಾರು ನಿಮ್ಮವರದ್ದು.”

ನನಗೆ ಬೈದಿದ್ದರೆ, ಹೊಡೆದಿದ್ದರೂ, ಮಾಡಿದ್ದುಣ್ಣೋ ಮಹಾರಾಯ ಅಂತ ತಡೆದುಕೊಳ್ಳುತ್ತಿದ್ದೆ. ಅವರು ಒಂದು ಸ್ಟೂಲ್ ಎಳೆದು ನನ್ನ ಎದುರು ಕೂತರು.

“ಏನು ಬರೆದಿತ್ತು ರಫೀಕ್?”

“ನಿಮಗೆ ಗೊತ್ತಿಲ್ಲವಾ ಹಾಜಿ?”

“ನಾನು ಯಾವತ್ತೂ ತೆಗೆದು ನೋಡಲಿಲ್ಲ. ನಾನು ಹುಟ್ಟಿದ ವರ್ಷ ಬರೆದದ್ದು ಅಂತ ಬಾಬಾ ಹೇಳುತ್ತಿದ್ದರು. ಹೆಸರು ಒಂದು ಸಾಲು, ವರ್ಷ ಒಂದು ಸಾಲು. ಮೂರನೆಯದು ಏನು ಅಂತ ಕೇಳಿದರೆ, ದೊಡ್ಡವನಾದ ಮೇಲೆ ನೋಡು ಅಂತ ನಗುತ್ತಿದ್ದರು. ಅವರು ಹೋದ ಮೇಲೆ ತೆರೆಯಲು ಮನಸ್ಸು ಬರಲಿಲ್ಲ. ಮುಚ್ಚಿದ್ದಷ್ಟು ದಿನ ಅವರದ್ದೊಂದು ಮಾತು ಬಾಕಿ ಇದೆ ಅನ್ನಿಸುತ್ತಿತ್ತು.”

ಆ ಬರಹವನ್ನು ಕಂಡ, ಬದುಕಿರುವ ಮನುಷ್ಯ ನಾನೊಬ್ಬನೇ. ನನಗೆ ಅರಬ್ಬಿ ಓದಲು ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಈ ಊರಿನ ಅನ್ನ ಉಂಡಿದ್ದೇನೆ, ಇವರ ಮಾತಿನಲ್ಲಿ ಜಗಳವಾಡಿದ್ದೇನೆ, ಅಕ್ಷರ ಕಲಿಯಲಿಲ್ಲ. ಬೋರ್ಡುಗಳೆಲ್ಲ ಇಂಗ್ಲಿಷಿನಲ್ಲೂ ಇರುತ್ತವೆ, ಯಾಕೆ ಬೇಕು ಅಂದುಕೊಂಡಿದ್ದೆ.

ಆಮೇಲೂ ವಾದ ನಿಂತಿಲ್ಲ. ಒಣಗಿದ ಕೆರೆ, ಕಳ್ಳಸಾರಾಯಿ ಎಲ್ಲ ಹಾಗೇ ನಡೆದಿದೆ. ಹಾಜಿ ಮಾತ್ರ ಆ ಕಡೆ ಹೋಗುವುದಿಲ್ಲ. ನಾನು ಕೆಲಸ ಮಾಡುವ ಮೂಲೆಗೆ ಬಂದು, ತಗಡಿನ ಮೇಲೆ ಗುರುತು ಹಾಕುವ ಚಾಕ್ ಎತ್ತಿ ನನ್ನ ಕೈಗೆ ಕೊಡುತ್ತಾರೆ. ನಾನು ಒಂದು ತಗಡು ಹಾಸಿ, ನೆನಪಿಗೆ ಬಂದಷ್ಟು ಬಿಡಿಸುತ್ತೇನೆ. ಮೊದಲ ಸಾಲು ಉದ್ದ. ಎರಡನೆಯದು ಗಿಡ್ಡ. ಮೂರನೆಯದರಲ್ಲಿ ಒಂದು ಕೊಕ್ಕೆ, ಆಮೇಲೆ ಬಾಗಿದ ಗೆರೆ. ವಾರದಿಂದ ವಾರಕ್ಕೆ ಅದು ಬದಲಾಗುತ್ತದೆ. ನನಗೂ ಗೊತ್ತು, ಅವರಿಗೂ ಗೊತ್ತು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಾರೆ.

“ಮೂರನೆಯದು ನನ್ನ ಹೆಸರಾ ರಫೀಕ್?”

ಹೌದು ಎಂದುಬಿಡಬಹುದು. ಎಷ್ಟೋ ಸಲ ನಾಲಿಗೆ ತುದಿಗೆ ಬಂದಿದೆ. ಆದರೆ ಒಮ್ಮೆ ಅವರ ತಂದೆಯ ಮಾತನ್ನು ಅಳಿಸಿದವನು, ಈಗ ಅದರ ಜಾಗದಲ್ಲಿ ನನ್ನ ಮಾತು ಬರೆಯಲಾರೆ.

“ಗೊತ್ತಿಲ್ಲ ಹಾಜಿ” ಎನ್ನುತ್ತೇನೆ.

ಅವರು ಕೈ ಒರೆಸುವ ಕಾಟನ್ ವೇಸ್ಟ್ ನನ್ನ ಕಡೆ ತಳ್ಳುತ್ತಾರೆ. “ಒರೆಸು. ಮತ್ತೆ ಬರೆ.”