ಸರಾಸರಿ ದಾಟಿದ ಅವ್ವನ ಕೋಟು

ಲೆಕ್ಕದ ಪ್ರಕಾರ ಆಗಲೇ ಸತ್ತುಹೋಗಿರಬೇಕಾಗಿದ್ದ ನಮ್ಮವ್ವ ಲಂಡನ್ನಿನ ಹೌನ್ಸ್ಲೋದ ನಮ್ಮ ಫ್ಲಾಟಿನಲ್ಲಿ ಕೂತು ಸೊರ ಸೊರ ಚಹಾ ಕುಡಿಯುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿದ ಹೊಸತು. ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದಳು. ಬರುವ ಮೊದಲು ಯಾವುದೋ ಪೇಪರಿನಲ್ಲಿ ನಮ್ಮ ದೇಶದವರ ಸರಾಸರಿ ಆಯುಷ್ಯ ಓದಿ, ತಾನು ಅದನ್ನು ದಾಟಿಯಾಗಿದೆ ಎಂದು ಗೊತ್ತಾದದ್ದೇ ತಡ, ತನಗೆಂದು ಹೊಸದೇನನ್ನೂ ಕೊಳ್ಳುವುದನ್ನು ಬಿಟ್ಟಿದ್ದಳು.

ನನಗೋ ತಲೆ ಕೆಟ್ಟಿತ್ತು. ಮಗಳು ಹುಟ್ಟಿದ್ದು ಡಿಸೆಂಬರಿನಲ್ಲಿ. ಅವಳ ಮೊದಲ ಹುಟ್ಟುಹಬ್ಬಕ್ಕೆ ಅವ್ವ ಮತ್ತೆ ಬರಬೇಕು, ಅಷ್ಟೇ ನನ್ನ ಆಸೆ. ಆ ಚಳಿಗೊಂದು ದಪ್ಪ ಕೋಟು ಕೊಳ್ಳೋಣವೆಂದರೆ ಕೇಳಬೇಕಲ್ಲ.

"ಹೋಗೋ ಜೀವಕ್ಕ ಕೋಟ್ಯಾಕವಾ? ಮುಂದಿನ ವರ್ಷದ ಮಾತು ಎತ್ತಬ್ಯಾಡ."

ನನ್ನ ಗಂಡನ ಸ್ವೆಟರುಗಳನ್ನು ಒಂದರ ಮೇಲೊಂದು ತೊಟ್ಟು, ಹೀಟರಿಗೆ ಬೆನ್ನು ಹಚ್ಚಿ ಕೂರುತ್ತಿದ್ದಳು.

ಆಗ ನಾನು ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಯಲ್ಲಿ ಜನಸಂಖ್ಯಾಶಾಸ್ತ್ರ ಓದುತ್ತಿದ್ದೆ. ಒಂದು ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪುಸ್ತಕ ತಿರುವುತ್ತಿದ್ದಾಗ ಥಟ್ಟನೆ ಹೊಳೆಯಿತು. ಎಂಥ ದಡ್ಡಿ ನಾನು! ಓದುತ್ತಿದ್ದುದೇ ಇದನ್ನು, ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಅವ್ವಾ, ಆ ಸರಾಸರಿ ಈಗ ಹುಟ್ಟಿದ ಕೂಸಿಂದು, ನಿಂದಲ್ಲ. ತೊಟ್ಟಿಲದಾಗ ಹೋದ ಕೂಸುಗಳ್ನೂ ಅದರಾಗ ಲೆಕ್ಕಕ್ಕ ಹಿಡೀತಾರ, ಅದಕ್ಕ ಅದು ಕೆಳಗ ಇಳೀತೈತಿ. ನಿನ್ನ ವಯಸ್ಸಿನ ತನಕ ಬಂದವರಿಗೆ ಬ್ಯಾರೆ ಲೆಕ್ಕ. ನಿನಗ ಇನ್ನೂ ಭಾಳ ವರ್ಷ ಅದಾವು."

ಕೂಸು ಬೆಚ್ಚಿಬೀಳುವಷ್ಟು ಜೋರಾಗಿ ನಕ್ಕೆ. ಅವ್ವ ನಗಲಿಲ್ಲ. ಕಪ್ಪು ಕೆಳಗಿಟ್ಟಳು.

"ಹೆಸರಿಡದ ಕೂಸನ್ನೂ ಹಿಡೀತಾರೇನು? ನಿಮ್ಮಕ್ಕನಂಥಾಕೀನ್ನ?"

ನನಗಿಂತ ಮೊದಲು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋದವಳು ಅಕ್ಕ. ಮನೆಯಲ್ಲಿ ಅವಳ ಮಾತೇ ಬರುತ್ತಿರಲಿಲ್ಲ. ಎಷ್ಟು ಮಕ್ಕಳೆಂದು ಯಾರಾದರೂ ಕೇಳಿದರೆ ಅವ್ವ ನನ್ನನ್ನೂ ತಮ್ಮನನ್ನೂ ತೋರಿಸಿ ಎರಡು ಎನ್ನುತ್ತಿದ್ದಳು.

"ಹಿಡೀತಾರವ್ವ. ಒಂದ ತಾಸು ಇದ್ದರೂ ಎಣಸ್ತಾರ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದೇಬಿಟ್ಟಳು. "ನಡಿ, ಕೋಟು ನೋಡೂಣು."

ಹೈ ಸ್ಟ್ರೀಟಿನ ಅಂಗಡಿಯಲ್ಲಿ ಅವಳ ದರ್ಬಾರು ನೋಡಬೇಕಿತ್ತು. ಕರಿದು ಬೇಡವಂತೆ, ಬೂದುಬಣ್ಣ ಮುದುಕಿಯರದಂತೆ. ಕಡೆಗೆ ಟೊಮೆಟೊ ಕೆಂಪಿನದೊಂದನ್ನು ಸೀರೆಯ ಮೇಲೆ ತೊಟ್ಟು ಕನ್ನಡಿಯ ಮುಂದೆ ಗಿರ್ರನೆ ತಿರುಗಿದಳು.

"ಇದು ನಿಮ್ಮ ಕಪಾಟಿನಾಗ ಇರಲಿ. ಮುಂದಿನ ವರ್ಷ ಬಂದಾಗ ಹಾಕ್ಕೋತೀನಿ."

ನಾನು ಮಗಳನ್ನು ಎತ್ತಿಕೊಂಡು ಅಲ್ಲೇ, ಕೋಟುಗಳ ನಡುವೆಯೇ, ಹುಚ್ಚಿಯ ಹಾಗೆ ಕುಣಿದೆ. ಯಾರು ನೋಡಿದರೆ ನನಗೇನು.

ಅಂಗಡಿಯ ಪಂಜಾಬಿ ಹೆಂಗಸಿಗೂ ನಗು. ಕೋಟನ್ನು ಮಡಚುತ್ತಾ, ಮಕ್ಕಳೆಷ್ಟು ಎಂದು ಅವ್ವನನ್ನು ಹಿಂದಿಯಲ್ಲಿ ಕೇಳಿದಳು. ಎರಡು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈ ಎತ್ತಿ ಮೂರು ಬೆರಳು ತೋರಿಸಿದಳು.