ಅಜ್ಜಿ ಹೆಸರು ಹೇಳದ ಎಲೆ

ಕಮಠಾಣದ ಅಜ್ಜಿಯ ಕಾಲಿನ ಹುಣ್ಣಿಗೆ ಬ್ಯಾಂಡೇಜ್ ಸುತ್ತುತ್ತಿದ್ದಾಗಲೇ ಲ್ಯಾಬ್ ವರದಿ ಬಂತು. ಕೀವಿನಲ್ಲಿದ್ದ ಬ್ಯಾಕ್ಟೀರಿಯಾ ಯಾವ ಆಂಟಿಬಯಾಟಿಕ್‌ಗೂ ಬಗ್ಗುವಂತಿರಲಿಲ್ಲ. ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನಗೆ ಇಂಥ ವರದಿ ಈಗ ಹೊಸದಲ್ಲ. ಆದರೆ ಭಾಲ್ಕಿಯ ಜನರೂ ಹುಡುಕಿಕೊಂಡು ಬಂದು, ಹಳೆಯ ಹುಣ್ಣಿಗೆ ಇದೇ ಅಜ್ಜಿಯಿಂದ ಎಲೆಯ ರಸ ಹಚ್ಚಿಸಿಕೊಳ್ಳುತ್ತಿದ್ದರೆಂದು ಅಜ್ಜಿಯ ಮಗ ಹೇಳಿದ್ದ.

“ಅದು ಯಾವ ಗಿಡದ ತಪ್ಪಲ ಆಯಿ? ನಿಮ್ಮ ಮಗ ತರ್ತಾನ್ರಿ,” ಎಂದೆ.

“ಹೆಸರು ಹೇಳಿದ್ರ ಔಷಧದ ಗುಣ ಹೋಗ್ತದವ್ವ,” ಎಂದು ಅಜ್ಜಿ ಮುಖ ತಿರುಗಿಸಿದರು.

ಹೆಸರು ಹೇಳದೆ, ಎಲೆ ನೋಡಿ ಗುರುತಿಸಲು ಅವರು ಒಪ್ಪುವ ಹೊತ್ತಿಗೆ ಜ್ವರ ನೆತ್ತಿಗೇರಿತ್ತು. ಮಗ ಊರ ಹಳ್ಳದ ದಂಡೆಯಲ್ಲಿ ಸಿಕ್ಕಸಿಕ್ಕ ಎಲೆಗಳನ್ನೆಲ್ಲ ಚೀಲದಲ್ಲಿ ತುಂಬಿ ತಂದು, ಒಂದೊಂದನ್ನೇ ಅವರ ಕಣ್ಣ ಮುಂದೆ ಹಿಡಿದ. ಪ್ರತಿಯೊಂದಕ್ಕೂ ಅಜ್ಜಿ, “ಹೂಂ, ಇದಾ ನೋಡಪ್ಪ,” ಎಂದರು. ಅನುಮಾನ ಬಂದು ನಾನು ನನ್ನ ಊಟದ ಡಬ್ಬಿಯಿಂದ ಕೊತ್ತಂಬರಿ ಎಸಳೊಂದನ್ನು ತೆಗೆದು ತೋರಿಸಿದೆ. ಅದಕ್ಕೂ ಅದೇ ಮಾತು. ಮಗ ಚೀಲದ ಬಾಯಿ ಕಟ್ಟಿದ.

ಅಜ್ಜಿ ಉಳಿಯಲಿಲ್ಲ. ಆ ಎಲೆಗೆ ಈ ರೋಗಾಣುವನ್ನು ಕೊಲ್ಲುವ ಶಕ್ತಿ ಇತ್ತೋ ಇಲ್ಲವೋ, ಇನ್ನು ಯಾವ ಲ್ಯಾಬೂ ಹೇಳಲಾರದು. ಅದೇ ಹಾಸಿಗೆಯಲ್ಲಿ ಈಗ ಔರಾದಿನ ಹೆಣ್ಣುಮಗಳೊಬ್ಬಳು ಮಲಗಿದ್ದಾಳೆ. ಅವಳ ವರದಿಯಲ್ಲೂ ಅದೇ ಬಗ್ಗದ ಬ್ಯಾಕ್ಟೀರಿಯಾ.