ಗಂಗವ್ವಜ್ಜಿ ಬಿಚ್ಚಿದ ಹೊಲಿಗೆ

ಬೆಳಗಾವಿ ನಿಲ್ದಾಣದಿಂದ ಪ್ಯಾಸೆಂಜರ್ ಗಾಡಿ ಹೊರಟಾಗ ಎಂಟು ಗಂಟೆ ದಾಟಿತ್ತು. ಅದು ಎರಡು ಸಾವಿರದ ಇಸವಿಯ ಚಳಿಗಾಲವೆಂದು ನನ್ನ ನೆನಪು. ಹಿಂದಿನ ವರ್ಷದ್ದೂ ಇರಬಹುದು. ಟಿಕೆಟ್ಟಿಗೆ ಐದು ರೂಪಾಯಿ ಕೊಟ್ಟೆನೋ ಆರೋ, ಅದೂ ಖಚಿತವಿಲ್ಲ. ಯಾಕೆ ಹೊರಟಿದ್ದೆವೆಂಬುದು ಮಾತ್ರ ಮರೆತಿಲ್ಲ. ತಪ್ಪು ನನ್ನದಾಗಿತ್ತು.

ಜೊತೆಗಿದ್ದವರು ಅನಗೋಳದ ಶಾಂತಕ್ಕ, ಹೊಲಿಗೆ ಕಲಿಸುವ ಟೀಚರಾಗಿ ನಿವೃತ್ತರಾದವರು. ಓಣಿಯ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು, ಮುಟ್ಟಿನ ದಿನಗಳಲ್ಲಿ ಒಗೆದು ಮತ್ತೆ ಬಳಸಬಹುದಾದ ಬಟ್ಟೆಯ ಪ್ಯಾಡುಗಳನ್ನು ಹೊಲಿದು ಶಾಲೆಯ ಹುಡುಗಿಯರಿಗೆ ಹಂಚುತ್ತಿದ್ದರು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಇದರಿಂದ ಏನೂ ಆಗದು ಎಂದು ಶಾಂತಕ್ಕನ ಜೊತೆ ವಾದಿಸುತ್ತಲೇ, ಪ್ಯಾಡಿನ ಸಂಗಡ ಕೊಡುವ ಚೀಟಿ ಬರೆದುಕೊಟ್ಟಿದ್ದೆ. ಅದರಲ್ಲೊಂದು ಸಾಲು: ‘ತೊಳೆದು, ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿ ಒಣಗಿಸಿ.’

ಖಾನಾಪುರದಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ರೇಣುಕಾ ಆ ಸಾಲನ್ನು ಅಕ್ಷರಶಃ ಪಾಲಿಸಿದ್ದಳು. ಅವರ ಮನೆಯಲ್ಲಿ ಬಿಸಿಲು ಬೀಳುವ ಜಾಗವೆಂದರೆ ರಸ್ತೆ ಕಡೆಯ ತಂತಿ. ಅವಳ ಅಜ್ಜಿ ಗಂಗವ್ವ ಅಲ್ಲಿ ತೂಗುತ್ತಿದ್ದ ಪ್ಯಾಡನ್ನು ಕಂಡು, ಎಳೆದು ನೀರೊಲೆಗೆ ಹಾಕಿ, ಮೊಮ್ಮಗಳನ್ನು ಶಾಲೆ ಬಿಡಿಸಿದ್ದಳು. ಪರೀಕ್ಷೆಯ ಅರ್ಜಿ ತುಂಬಲು ಅಂದೇ ಕೊನೆಯ ದಿನ. ಸಂಜೆ ಐದರೊಳಗೆ ಹುಡುಗಿ ಬಂದು ಸಹಿ ಹಾಕಬೇಕೆಂದು ಅಲ್ಲಿನ ಶಿಕ್ಷಕಿ ಫೋನ್ ಮಾಡಿದ್ದರು.

ದೇಸೂರಿನಲ್ಲಿ ಎದುರು ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ಬಹಳ ಹೊತ್ತು ನಿಂತಿತು. ನಾನು ಇಳಿಯುವುದು, ಹತ್ತುವುದು ಮಾಡುತ್ತಿದ್ದೆ.

“ಕುಂದರ್ರಿ ಸರ್, ನೀವು ದಬ್ಬಿದ್ರ ಗಾಡಿ ಹೋಗೂದಿಲ್ಲ,” ಎಂದರು ಶಾಂತಕ್ಕ.

“ಅಜ್ಜಿ ಒಪ್ಪಲಿಲ್ಲಂದ್ರ?”

“ಒಪ್ಪೂತನಾ ಅಲ್ಲೇ ಕುಂದ್ರೂದು.”

ಇಪ್ಪತ್ತೈದು ಕಿಲೋಮೀಟರ್ ದಾರಿಗೆ ಎರಡು ತಾಸು ಹಿಡಿಯಿತು. ಖಾನಾಪುರದಲ್ಲಿ ಇನ್ನೂ ಚಳಿಯಿತ್ತು. ನಿಲ್ದಾಣದ ಹೊರಗೆ ಮಿಸಳ ತಿಂದು, ಚಹಾ ಕುಡಿದು ನಡೆದೆವು.

ಗಂಗವ್ವಜ್ಜಿ ಹೊಸ್ತಿಲ ಮುಂದೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಆ ಹೊದಿಕೆಗೆ ಓಣಿಯಲ್ಲೆಲ್ಲ ಅವಳ ಕೈಯೇ ಬೇಕಂತೆ. ರೇಣುಕಾ ಬಾಗಿಲ ಮರೆಯಲ್ಲಿದ್ದಳು. ನಾವು ಯಾರೆಂದು ತಿಳಿದ ಮೇಲೆ ಅಜ್ಜಿ ತಲೆಯೆತ್ತಲಿಲ್ಲ.

“ಗಂಡಸ್ರು ಅಡ್ಡಾಡೂ ಹಾದಿ ಇದು. ಅದನ್ನ ಬಿಸಲಿಗೆ ತೂಗ ಹಾಕಂತ ಬರದಾಂವ ಯಾವ ಶಾಣ್ಯಾ?”

ನಾನು ಶಾಂತಕ್ಕನ ಹಿಂದೆ ಸರಿದು ನಿಂತೆ. ಇಂದೇ ಐದರೊಳಗೆ ಅರ್ಜಿಗೆ ಸಹಿ ಆಗಬೇಕೆಂದು ಶಾಂತಕ್ಕ ಎಷ್ಟು ಹೇಳಿದರೂ ಅಜ್ಜಿಯದು ಒಂದೇ ಮಾತು: “ಸಾಲಿ ಸಾಕು.” ಬಿಸಿಲು ಸರಿದು ಅವಳ ಮುಖಕ್ಕೇ ಬಂದಿತ್ತು. ಒಂದಾದರೂ ಒಳ್ಳೆಯ ಮಾತಾಡೋಣವೆಂದು ನಾನು ಹೇಳಿದೆ: “ಅಜ್ಜಿ, ಬಿಸಲ ಹೊಡ್ಯಾಕತ್ತೈತಿ. ಬಾಜೂಕ ಕುಂದರ್ರಿ.”

ಸೂಜಿ ನಿಂತಿತು. ಒಳಗೆ ರೇಣುಕಾ ಕಿಸಕ್ಕನೆ ನಕ್ಕಳು. ಮರಾಠಿ ಬೆರೆತ ಆ ಮನೆಗಳಲ್ಲಿ ‘ಬಾಜೂಕ ಕುಂದ್ರೂದು’ ಎಂದರೆ ಮುಟ್ಟಾಗಿ ದೂರ ಕೂರುವುದು ಎಂದು ನನಗೆ ಗೊತ್ತಿರಲಿಲ್ಲ.

“ನಾ ಬಾಜೂಕ ಕುಂದ್ರೂದು ಬಿಟ್ಟು ಇಪ್ಪತ್ತು ವರ್ಷಾತೋ ತಮ್ಮಾ!” ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಶಾಂತವ್ವಾ, ಇಂಥಾಂವನ್ನ ಕಟಗೊಂಡು ಊರೂರು ತಿರಗ್ತೀಯಲ್ಲ!”

“ಚೀಟಿ ಬರದ ಶಾಣ್ಯಾನೂ ಇವರ ರೀ,” ಎಂದರು ಶಾಂತಕ್ಕ.

ನಗು ಇನ್ನೂ ಪೂರ್ತಿ ಆರಿರಲಿಲ್ಲ, ಅಜ್ಜಿ ಕೈ ಚಾಚಿ ಪ್ಯಾಡೊಂದನ್ನು ಇಸಿದುಕೊಂಡಳು. ಹಿಂಡಿದಳು, ತಿಕ್ಕಿದಳು, ಬೆಳಕಿಗೆ ಹಿಡಿದಳು. “ಅಂಚಿಗಷ್ಟ ಮಷೀನ್ ಹೊಡದೀರಿ. ನಾಕ್ ಸಲ ಒಗದ್ರ ಒಳಗಿನ ಅರಬಿ ಗಂಟ ಆಗ್ತೈತಿ. ಕೌದಿ ಹೊಲದಂಗ ನಡುವೂ ಹೊಲೀಬೇಕು.”

ಮೂವತ್ತು ವರ್ಷ ಹೊಲಿಗೆ ಕಲಿಸಿದ್ದ ಶಾಂತಕ್ಕ, “ಖರೇ ಐತ್ರಿ. ನೀವ ತೋರಸ್ರಿ,” ಎಂದರು.

ಅಜ್ಜಿ ಅಂಚು ಬಿಚ್ಚಿದಳು. ಬಿಳಿ ಬಟ್ಟೆಯ ಮೇಲೆ ಹಳೆಯ ಹೂವಿನ ಸೀರೆಯ ತುಂಡಿಟ್ಟು ಸಾಲು ಸಾಲಾಗಿ ಸೂಜಿ ಓಡಿಸಿದಳು. ಶಾಂತಕ್ಕ ಇನ್ನೊಂದು ಸೂಜಿ ಕೇಳಿ ಪಡೆದರು. ರೇಣುಕಾ ರೊಟ್ಟಿ, ಝುಣಕ ತಂದಿಟ್ಟಳು. ಮಧ್ಯಾಹ್ನದ ಬಸ್ಸು ಹೋಯಿತು, ಇಬ್ಬರೂ ಕದಲಲಿಲ್ಲ. ಅರ್ಜಿಯ ಮಾತನ್ನು ಶಾಂತಕ್ಕ ಮತ್ತೆ ಎತ್ತಲೇ ಇಲ್ಲ. ನಾನು ಗಡಿಯಾರ ನೋಡಿಕೊಂಡಾಗಲೆಲ್ಲ ನನ್ನನ್ನು ಕಣ್ಣಲ್ಲೇ ಗದರಿಸಿದರು.

ನಾಲ್ಕೂವರೆಯ ಸುಮಾರಿಗೆ ಅಜ್ಜಿ ದಾರ ಕತ್ತರಿಸಿ, ಹೊಲಿದದ್ದನ್ನು ತಾನೇ ತಂತಿಯ ಮೇಲೆ ಹಾಕಿ, ರಸ್ತೆಗಿಳಿದು ನಿಂತು ನೋಡಿದಳು.

“ಈಗ ಯಾರ ನೋಡಿದ್ರೂ ಕೌದಿ ತುಂಡ ಅಂದಾರು,” ಎಂದವಳು ಬಾಗಿಲ ಕಡೆ ತಿರುಗಿದಳು. “ಏ ರೇಣೂ, ಇನ್ನೂ ಯಾಕ ನಿಂತೀ? ಸಾಲಿ ಬಾಗಲಾ ಹಾಕ್ತಾರ. ಸಹಿ ಮಾಡಿ ಬಾ. ತಿಂಗಳಾ ನಾಕ್ ದಿನಾ ಮನ್ಯಾಗ ಕುಂದ್ರೂದೂ ಇನ್ನ ಸಾಕು.”

ಅವಳು ಓಡಿದಳೆಂದು ನನ್ನ ನೆನಪು. ಇಲ್ಲ, ದಾಪುಗಾಲು ಹಾಕಿ ನಡೆದಳು ಎಂದು ಶಾಂತಕ್ಕ ಈಗಲೂ ವಾದಿಸುತ್ತಾರೆ. ಹಿಂದಿನಿಂದ ಏದುಸಿರು ಬಿಡುತ್ತ ಹೋದವನು ನಾನು. ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಅವಳು ಸಹಿ ಹಾಕಿದಳು. ಅದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ.

ಮರಳುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಊರು ಹಿಂದೆ ಬಿದ್ದರೂ ಶಾಂತಕ್ಕ ಹೊರಗೆ ನೋಡಲಿಲ್ಲ. ಚೀಲದಲ್ಲಿ ಉಳಿದಿದ್ದ ಪ್ಯಾಡುಗಳನ್ನು ಮಡಿಲಿಗೆ ಸುರಿದುಕೊಂಡು, ಪಿನ್ನಿನ ತುದಿಯಿಂದ ಒಂದೊಂದೇ ಅಂಚು ಬಿಡಿಸತೊಡಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಗೂ ಒಂದು ಪ್ಯಾಡು, ಒಂದು ಪಿನ್ನು ಬಂತು.

“ಬಿಚ್ಚರಿ ಸರ್. ಮುಂದಿನ ವಾರ ಮತ್ತ ಬರೂದೈತಿ.”